ತಾಂಡೂರಿನ ಗಿಡ, ಕಂಗ್ಟಿಯ ಟಗರು

ನಿಯಮ ಒಂದೇ. ಯಾವ ಊರಿನ ಹೊಲದಲ್ಲಿ ಎಲೆ ಕಿತ್ತಿರೋ ಆ ಊರಿನ ಹೆಸರನ್ನೇ ಚೀಲದ ಮೇಲೆ ಬರೆಯಬೇಕು. ಅದೂ ಆ ಹೊಲದಲ್ಲಿ ನಿಂತುಕೊಂಡೇ. ಟೀ ಅಂಗಡಿಯಲ್ಲಲ್ಲ, ಬಸ್ಸಿನಲ್ಲಲ್ಲ, ಮನೆಗೆ ಹೋಗಿ ಕಾಲು ಚಾಚಿದ ಮೇಲಲ್ಲ. ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಮಾತಿದು. ಆದರೂ ನಮ್ಮ ತೊಗರಿ ರೋಗದ ಸರ್ವೆಯಲ್ಲಿ, ಜಹೀರಾಬಾದಿನಿಂದ ತಾಂಡೂರಿನ ತನಕ, ಇದನ್ನು ಮುರಿಯದವರನ್ನು ದುರ್ಬೀನು ಹಿಡಿದು ಹುಡುಕಬೇಕಾಯಿತು. ಬೆಳೆರೋಗದ ಕೆಲಸದಲ್ಲಿರುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಈಗಲೂ ಮೈ ಉರಿಯುತ್ತದೆ.

ಉರಿಯುವುದಕ್ಕೆ ಕಾರಣವಿದೆ. ತೊಗರಿಗೆ ಗೊಡ್ಡು ರೋಗ ಬಂದರೆ ಗಿಡ ಸಾಯುವುದಿಲ್ಲ. ಹಸಿರಾಗಿ, ಪೊದೆ ಪೊದೆಯಾಗಿ, ಮದುವೆಗೆ ಹೊರಟವನ ಹಾಗೆ ನಿಂತಿರುತ್ತದೆ, ಹೂವಿಲ್ಲ, ಕಾಯಿಲ್ಲ. ರೋಗ ಬರುವುದು ಒಂದು ವೈರಸ್ಸಿನಿಂದ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಕಣ್ಣಿಗೆ ಕಾಣದ ನುಸಿ. ಈ ವೈರಸ್ಸು ಎಲ್ಲ ಕಡೆಯೂ ಒಂದೇ ಅಲ್ಲ, ಸೀಮೆ ಬದಲಾದರೆ ಅದರ ಜೀನೂ ಬದಲಾಗಿರಬಹುದು. ತಾಂಡೂರಿನ ವೈರಸ್ಸನ್ನು ತಡೆದ ಬೀಜ ಕಂಗ್ಟಿಯ ವೈರಸ್ಸಿನ ಮುಂದೆ ಸೋಲಬಹುದು. ಆ ವರ್ಷ ಸೋತೇ ಸೋತಿತ್ತು. ತಾಂಡೂರಿನಲ್ಲಿ ಗೆದ್ದ ಬೀಜವನ್ನು ಕಂಗ್ಟಿಯವರಿಗೂ ಹಂಚಿದ್ದರು. ಕಂಗ್ಟಿಯಲ್ಲಿ ಹೊಲಕ್ಕೆ ಹೊಲವೇ ಗೊಡ್ಡು. ಮುಂದಿನ ಮುಂಗಾರಿಗೆ ಅವರಿಗೆ ಮತ್ತೆ ಅದೇ ಬೀಜವೋ, ಬೇರೆಯದೋ? ಅದನ್ನು ನಾವು ತಂದ ಎಲೆಗಳೇ ಹೇಳಬೇಕಿತ್ತು.

ಭಜ್ಜಿಯ ವಾಸನೆ

ಜಹೀರಾಬಾದಿನ ಸುತ್ತಲಿನ ಹಳ್ಳಿಗಳಿಗೆ ನಮ್ಮ ಅಸಿಸ್ಟೆಂಟನ್ನು ಕಳಿಸಿದ್ದೆ. ಕೃಷಿಯಲ್ಲಿ ಡಿಗ್ರಿ ಪಡೆದವನು, ಮೀಸೆ ತಿರುವುವ ವಯಸ್ಸು. ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಹಳ್ಳಿಗಳ ಚೀಲ ತಂದು ಮೇಜಿನ ಮೇಲೆ ಸುರಿದ.

"ಇಷ್ಟು ಬೇಗ ಹೇಗಾಯಿತು?"

"ಕೆಲಸಕ್ಕ ನಿಂತ್ರ ಆಗ್ತದ್ರಿ ಸರ್."

ಒಂದು ಚೀಲ ಬಿಚ್ಚಿದೆ. ಎಲೆಯಿಂದ ಕಾದ ಎಣ್ಣೆಯ ವಾಸನೆ ಬಂತು. ಇನ್ನೊಂದು ಬಿಚ್ಚಿದೆ, ಅದೇ ವಾಸನೆ. ಎಲ್ಲ ಊರಿನ ಎಲೆಗಳ ಮೇಲೂ ಎಣ್ಣೆ ಹೊಗೆಯ ಜಿಗುಟು. ಆಗ ನೆನಪಾಯಿತು: ಹೆದ್ದಾರಿಯ ಟೀ ಹೋಟೆಲಿನ ಹಿಂದೆ ಒಂದು ತೊಗರಿ ಹೊಲ ಇದೆ, ಅದರ ಬದುವಿಗೇ ಭಜ್ಜಿಯ ಒಲೆ.

"ಏನಪ್ಪಾ, ಈ ಸೀಮೆಯವರು ತೊಗರಿಗೆ ಗೊಬ್ಬರದ ಬದಲು ಮಿರ್ಚಿ ಭಜ್ಜಿ ಹಾಕುತ್ತಾರೇನು?"

ಎರಡು ಚೀಲದ ಎಲೆ ಎತ್ತಿ ಪಕ್ಕಪಕ್ಕ ಹಿಡಿದ. ಆಮೇಲೆ, "ತೊಗರಿ ಅಂದ್ರ ತೊಗರಿನೇ ಅಲ್ರಿ ಸರ್, ಎಲ್ಲಿದಾದ್ರ ಏನ್ ಫರಕ್? ನೋಡ್ರಿ, ಎಲ್ಲಾ ಎಲಿ ಒಂದೇ ನಮೂನಿ ಅವ" ಎಂದ.

"ಒಂದೇ ಗಿಡದ ಎಲೆ ಒಂದೇ ನಮೂನೆ ಇಲ್ಲದೆ ಇನ್ನೇನು?"

ಆಗ ಅವನಿಗೆ ನಿಜವಾಗಿಯೂ ನೋವಾಯಿತು. ಎದೆ ಮುಟ್ಟಿಕೊಂಡು ಹೇಳಿದ: "ಒಂದೇ ಗಿಡ ಅನಬ್ಯಾಡ್ರಿ ಸರ್. ಅಷ್ಟು ಬೇಇಮಾನ್ ಅಲ್ಲ ನಾ. ಒಂದೊಂದು ಊರಿಗಿ ಒಂದೊಂದು ಗಿಡ ಬ್ಯಾರೆ ಬ್ಯಾರೆ ಹಿಡದೀನಿ!"

ಬೇರಿಲ್ಲದ ಸಾಲು

ಇನ್ನು ಯಾರನ್ನೂ ನಂಬಬಾರದೆಂದು ತಾಂಡೂರಿನ ಕಡೆಗೆ ನಾನೇ ಹೊರಟೆ. ಯಾಲಾಲ್ ಹತ್ತಿರ ಒಬ್ಬ ರೈತ, ಇಲಾಖೆ ಹಂಚಿದ್ದ ಹೊಸ ಬೀಜ ಬಿಟ್ಟು, ಮನೆಯ ಹಳೆಯ ಬೀಜವನ್ನೇ ಬಿತ್ತಿದ್ದ. ಹೊಲದಲ್ಲಿ ಗೊಡ್ಡು ಬಿದ್ದಿದೆ, ಬಂದು ನೋಡಿ ಎಂದು ಫೋನ್ ಮಾಡಿ ಕರೆದವನೂ ಅವನೇ. ಹೋಗಿ ನೋಡಿದರೆ ದಾರಿಯ ಪಕ್ಕದ ಸಾಲುಗಳು ಹೂವು ಕಾಯಿ ತುಂಬಿಕೊಂಡು ತೂಗುತ್ತಿವೆ.

"ರೋಗ ಎಲ್ಲಯ್ಯಾ?"

"ಹೋಗ್ಯದ್ರಿ ಸರ್."

"ಗೊಡ್ಡು ರೋಗ ಬಂದ ಮೇಲೆ ಹೋಗುವುದಿಲ್ಲ."

"ನಮ್ಮಲ್ಲಿ ಹೋಗ್ಯದ್ರಿ" ಎಂದವನ ಕಣ್ಣು ಮನೆಯ ಬಾಗಿಲಿನ ಕಡೆಗೇ ಇತ್ತು.

ಒಂದು ಎಲೆ ಕೀಳಲು ಕೈ ಹಾಕಿದೆ. ಎಲೆಯ ಜೊತೆ ಇಡೀ ಗಿಡ ಕೈಗೆ ಬಂತು. ಪಕ್ಕದ್ದಕ್ಕೆ ಕೈ ಹಾಕಿದೆ, ಅದೂ ಬಂತು. ಎರಡಕ್ಕೂ ಬೇರಿಲ್ಲ. ಬುಡದಲ್ಲಿ ಕುಡುಗೋಲಿನ ಓರೆ ಗಾಯ, ಅಷ್ಟೇ.

ರೈತ ಓಡಿ ಬಂದು ನನ್ನ ಮೊಣಕೈ ಹಿಡಿದ. "ಕೈ ಮುಗೀತೀನಿ ಸರ್, ಮೆಲ್ಲಗ, ಇದ್ದಲ್ಲೇ ಚುಚ್ರಿ. ಮಗಳ ಬೀಗರಾಗೋರು ಬಂದಾರ, ಒಳಗ ಊಟಕ್ಕ ಕುಂತಾರ. ಊಟ ಆದಮ್ಯಾಲ ಹೊಲ ನೋಡ್ತೀವಿ ಅಂದಾರ. ಗೊಡ್ಡು ಕಂಡ್ರ ನಮ್ಮ ಇಜ್ಜತ್ ಏನಾಗಬೇಕ್ರಿ?"

"ಎಲ್ಲಿಯ ಗಿಡ ಇವು?"

"ಅಣ್ಣನ ಹೊಲದ್ದು ರೀ. ಅವನ ಊರಿಂದ ಟ್ರ್ಯಾಕ್ಟರ್‌ನಾಗ ತಂದೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಬರೀ ಗಿಡ ತಂದಿಲ್ಲ ನೀನು! ಆ ಊರಿನ ನುಸಿಯನ್ನೂ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದಿದ್ದೀಯ!"

"ಬರ್ಲಿ ಬಿಡ್ರಿ, ಅವೂ ನೆಂಟರೇ. ಇವತ್ತೊಂದಿನ ಸುಮ್ನಿರ್ರಿ."

ಅಷ್ಟರಲ್ಲಿ ಬೀಗರು ಎಲೆಅಡಿಕೆ ಜಗಿಯುತ್ತ ಬಂದೇಬಿಟ್ಟರು. ಎರಡೂ ಕೈಯಲ್ಲಿ ಕಿತ್ತ ಗಿಡ ಹಿಡಿದುಕೊಂಡು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರೈತ ಒಂದೇ ಉಸಿರಿಗೆ ಹೇಳಿದ: "ಇವ್ರು ದೊಡ್ಡ ಸೈಂಟಿಸ್ಟ್ ರೀ. ನಮ್ಮ ಗಿಡ ಭಾಳ ಛಲೋ ಬಂದಾವಂತ, ಒಯ್ದು ಕಾಜಿನ ಪೆಟಿಗ್ಯಾಗ ಇಡ್ತಾರಂತ!"

ಬೀಗರು ಹೋದ ಮೇಲೆ ಹೊಲದ ನಡುವೆ ನುಗ್ಗಿ, ಬೇರಿದ್ದ ಗೊಡ್ಡು ಗಿಡದ ಎಲೆ ತಂದೆ. ಸಂಬಂಧ ಕುದುರಿತಂತೆ. ಲಗ್ನಕ್ಕೆ ನನ್ನನ್ನೂ ಕರೆದಿದ್ದ, ನಾನು ಹೋಗಲಿಲ್ಲ.

ಸರಾಸರಿ

ಜಹೀರಾಬಾದಿನ ಎಲೆಗಳನ್ನು ನಾನೇ ಮತ್ತೆ ಹೋಗಿ ತಂದೆ. ಕಂಗ್ಟಿಯದನ್ನೂ ನಾನೇ ತಂದೆ. ಲ್ಯಾಬಿನಲ್ಲಿ ಜೀನು ಓದಿಸಿದರೆ ಮೂರು ಕಡೆಯ ಎಲೆಯಲ್ಲಿ ಮೂರು ಬಗೆಯ ವೈರಸ್ಸು; ಅದರಲ್ಲೂ ಕಂಗ್ಟಿಯದು ತಾಂಡೂರಿನದಕ್ಕಿಂತ ಬೇರೆಯೇ ಜಾತಿಯ ಹಟಮಾರಿ. ನಾರಾಯಣಖೇಡದ ಕೃಷಿ ಕಚೇರಿಗೆ ಹೋಗಿ ಮೇಲಧಿಕಾರಿಯ ಮುಂದೆ ನಿಂತೆ. ಕಂಗ್ಟಿಗೆ ಹಂಚಿದ ಬೀಜಕ್ಕೆ ಒಪ್ಪಿಗೆ ಕೊಟ್ಟವರು ಇವರೇ.

"ಮೂರು ಯಾಕ್ರಿ?" ಎಂದರು. "ಮ್ಯಾಲಿನವ್ರು ಒಂದು ಉತ್ತರ ಕೇಳ್ಯಾರ."

"ಇರುವುದೇ ಮೂರು ಸರ್."

"ಹಂಗಾದ್ರ ಸರಾಸರಿ ತೆಗೀರಿ."

"ವೈರಸ್ಸಿನ ಸರಾಸರಿಯೇ?"

"ಯಾಕ, ಮಳಿದು ತೆಗೆಯಲ್ಲೇನು?"

ಹಲ್ಲು ಕಚ್ಚಿಕೊಂಡು ಕೇಳಿದೆ: "ಸರ್, ಒಂದು ಎಮ್ಮೆ, ಒಂದು ಆಡು, ಒಂದು ಕೋಳಿ. ಈ ಮೂರರ ಸರಾಸರಿ ತೆಗೆದರೆ ಏನು ಬರುತ್ತದೆ?"

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಕನ್ನಡಕ ತೆಗೆದು, ಫ್ಯಾನಿನ ಕಡೆ ನೋಡಿ, ಮನಸ್ಸಿಟ್ಟು ಯೋಚಿಸಿದರು.

"ಆಡು" ಎಂದರು.

ಫೋಟೋ

ನಾನು ಆಡು ಬರೆಯಲಿಲ್ಲ, ಮೂರನ್ನೂ ಬರೆದು ಕೊಟ್ಟೆ. ಆ ವರದಿ ಅವರ ಮೇಜಿನ ಮೇಲೆ ಮಲಗಿತು. ಅವರು ಎದ್ದು ಕಂಗ್ಟಿಗೆ ಹೊರಟರು, ನಾನೂ ಹಿಂದೆಯೇ ಹೋದೆ. ಅಲ್ಲಿ ಶಾಮಿಯಾನ, ಮೈಕು, ಫೋಟೋದವನು. ತಾಂಡೂರಿನ ಬೀಜವೇ ಮುಂದಿನ ವರ್ಷಕ್ಕೂ ಬೇಕು ಎಂದು ಕಂಗ್ಟಿಯ ರೈತರು ಎಲ್ಲರೆದುರು ಒಪ್ಪಿಕೊಳ್ಳುವ ಕಾರ್ಯಕ್ರಮ. ತೋರಿಸಲು ಕಂಗ್ಟಿಯಲ್ಲಿ ಕಾಯಿ ಬಿಟ್ಟ ಗಿಡ ಎಲ್ಲಿದೆ? ಅದಕ್ಕೇ ಜೀಪಿನಲ್ಲಿ ತಾಂಡೂರಿನಿಂದ ಒಂದು ದೊಡ್ಡ ಗಿಡ ಬಂದಿತ್ತು, ಕೊಂಬೆ ಬಾಗುವಷ್ಟು ಕಾಯಿ. ಅದರ ಕೊರಳಿಗೆ ಒಂದು ಚೀಟಿ: ಕಂಗ್ಟಿ.

ಚೀಟಿ ಕೀಳಲು ಕೈ ಚಾಚಿದೆ. "ಸೀನ್ ಮಾಡಬ್ಯಾಡ್ರಿ, ಒಂದು ಫೋಟೋದ್ದು ಮಾತು" ಎಂದು ಮೇಲಧಿಕಾರಿ ನನ್ನ ಕೈ ತಡೆದರು. ಎಲ್ಲರೆದುರೇ ಹೇಳಿದೆ, "ಇದು ಸುಳ್ಳು." ಮೈಕಿನವನು ಹಾಡು ಹಚ್ಚಿ ನನ್ನ ದನಿ ಮುಳುಗಿಸಿದ.

ಫೋಟೋಗೆ ಆರಿಸಿದ್ದು ಒಬ್ಬ ಮುದುಕಿಯನ್ನು. ಕುರಿ ಸಾಕಿಕೊಂಡು ತೊಗರಿ ಬಿತ್ತುವ ಮನೆತನದವಳು; ಅವಳ ಹೊಲವೆಲ್ಲ ಆ ಬೀಜದಿಂದಲೇ ಗೊಡ್ಡಾಗಿತ್ತು. ಮಂದೆ ಅಲ್ಲೇ ಬೇಲಿಯ ಆಚೆ ಮೇಯುತ್ತಿತ್ತು. ಅವಳ ಟಗರು ಮಾತ್ರ ಹಿಂದೆಯೇ ಬಂದು ವೇದಿಕೆ ಹತ್ತಿತು. ಮೇಲಧಿಕಾರಿ ಅವಳ ಒಂದು ಕೈಗೆ ಅದೇ ಬೀಜದ ಚೀಲ ಕೊಟ್ಟರು, ಇನ್ನೊಂದಕ್ಕೆ ಗಿಡ.

"ಅಜ್ಜಿ, ಇದು ನಮ್ಮ ಹೊಲದ್ದು ಅನ್ರಿ. ಜರಾ ನಗ್ರಿ."

"ಇದು ನಮ್ಮ ಹೊಲದ್ದಲ್ಲ."

"ಗೊತ್ತದರಿ. ಅಂದ್ರ ಸಾಕು."

"ಯಾಕನ್ಲಿ? ನಮ್ಮ ಹೊಲ್ದಾಗ ಕಾಯಿ ಎಲ್ಲಿ ಅದ? ನಾ ಅಂದ್ರ ನನ್ನ ಹಿಂದ ಇಡೀ ಊರು ಅಂತದ. ಬರೋ ವರ್ಷನೂ ಎಲ್ಲಾರೂ ಎಲಿ ನೋಡ್ಕೋತ ಕುಂದ್ರೋದೇನು?"

"ಏ ಅಜ್ಜಿ, ಕಂಗ್ಟಿ ಅಂತ ಬರದದ ನೋಡು. ಬರದ ಮ್ಯಾಲ ಕಂಗ್ಟಿದೇ ಆತು!"

ಮುದುಕಿ ಗಿಡ ನೋಡಿದಳು, ಚೀಟಿ ನೋಡಿದಳು, ಮೇಲಧಿಕಾರಿಯ ಮುಖ ನೋಡಿದಳು. ನಾಲಿಗೆಯಿಂದ ಒಂದು ಸದ್ದು ಮಾಡಿ ಗಿಡವನ್ನು ಕೆಳಗೆ ಹಿಡಿದಳು. ಟಗರು ಅದಕ್ಕೇ ಕಾಯುತ್ತಿದ್ದ ಹಾಗೆ ಬಾಯಿ ಹಾಕಿತು. ಕಾಯಿ ಹೋಯಿತು, ಎಲೆ ಹೋಯಿತು, ಕೊನೆಗೆ ಚೀಟಿಯೂ ಹೋಯಿತು. ಮೇಲಧಿಕಾರಿ "ಏ, ಏ" ಎನ್ನುತ್ತ ಕೋಲು ಹುಡುಕುವಷ್ಟರಲ್ಲಿ ಬರೀ ಕಟ್ಟಿಗೆ ಉಳಿದಿತ್ತು. ಶಾಮಿಯಾನದಲ್ಲಿ ಶಿಳ್ಳೆ, ಚಪ್ಪಾಳೆ.

ಮುದುಕಿ ಟಗರಿನ ಹೊಟ್ಟೆ ತಟ್ಟಿದಳು. "ಈಗ ಕಂಗ್ಟಿದಾತು ನೋಡ್ರಿ" ಎಂದಳು. "ಇದರ ಜೋಡಿ ನಿಂದ್ರಿ, ಫೋಟೋ ತೆಗಸ್ಕೋರಿ."

ಆಮೇಲೆ ಬೀಜದ ಚೀಲ ಬಗಲಿಗೆ ಇಟ್ಟುಕೊಂಡು ವೇದಿಕೆ ಇಳಿದಳು. ಜನ ದಾರಿ ಬಿಟ್ಟರು. ಯಾರ ಕಡೆಗೂ ನೋಡದೆ ನೆಟ್ಟಗೆ ನಡೆದು ಹೋಗಿ, ಗಿಡ ಬಂದಿದ್ದ ಜೀಪಿನಲ್ಲೇ ಆ ಚೀಲವನ್ನು ಎಸೆದು, ಬಾಗಿಲು ಹಾಕಿದಳು.