ಹೆಡ್‌ಫೋನಿನ ಓಂಕಾರಪ್ಪ

ಗೌರಿ: ಸುಮ್ಮನಿರ್ರಿ. ಅವರು ಮಾತಾಡಾಕತ್ತಾರ.

ಓಂಕಾರಪ್ಪ: ಅವರು ಅಂದ್ರ ಯಾರ? ಅದರಾಗ ಮಾತಾಡಾಂವನೂ ನಾನ.

ಬಾರಾನಗರದ ನದಿ ದಂಡೆಯ ಹಳೇ ಜಮೀನ್ದಾರರ ಮನೆ ಈಗ ಮ್ಯೂಸಿಯಂ. ಕಣ್ಣು ಮಂದವಾದವರಿಗೆಂದು ಅಲ್ಲಿ ಹೊಸದಾಗಿ ಹಲವು ಭಾಷೆಗಳಲ್ಲಿ ಧ್ವನಿ ವಿವರಣೆ ಬಂದಿದೆ. ಕನ್ನಡಕ್ಕೆ ದನಿ ಕೊಟ್ಟವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದು ನಿವೃತ್ತರಾದ ಓಂಕಾರಪ್ಪ. ಅದನ್ನು ಮೊದಲು ಕೇಳಲು ಬಂದವರು, ಕಣ್ಣಿನ ಕಾಯಿಲೆಯಿಂದ ಎದುರಿನದೆಲ್ಲ ಮಸುಕಾಗಿರುವ ಅವರ ಹೆಂಡತಿ ಗೌರಿ. ಹೆಡ್‌ಫೋನ್ ಹಾಕಿಕೊಂಡ ಮೇಲೆ ಗಂಡನನ್ನು ಹತ್ತಿರ ಸೇರಿಸುತ್ತಿಲ್ಲ.

ಓಂಕಾರಪ್ಪ: ತಗೀ ಅದನ್ನ, ನಾನ ಹೇಳ್ತೇನಿ. ಎದುರಿಗಿರೂದು ಮಂಚ.

ಗೌರಿ: ನೀವು ಮಂಚ ಅಂದು ಮುಗಿಸಿದ್ರಿ. ಅವರು, ಮಂಚದ ಕಾಲಿಗೆ ಹುಲಿ ಪಂಜ ಕೆತ್ಯಾರ, ಮುಟ್ಟಿ ನೋಡ್ರಿ ಅಂದ್ರು.

ಓಂಕಾರಪ್ಪ: ಬರದ ಕೊಟ್ಟಿದ್ದನ್ನ ಓದ್ಯಾನ ಅಂವ.

ಗೌರಿ: ಮುಂದ ಮೆಟ್ಟಲ ಐತಿ, ಅವಸರ ಬ್ಯಾಡ ಅಂತಾರ. ನೀವು ಗರಿಯಾಹಾಟ ಪ್ಯಾಟ್ಯಾಗ ಸೀರಿ ಅಂಗಡಿ ಮುಂದ ನನ್ನ ಬಿಟ್ಟು ಬಸ್ ಹತ್ತಿದ್ರಿ.

ಓಂಕಾರಪ್ಪ: ಬಸ್ ಹೊಂಟಿತ್ತು. ಹಿಂದ ಬಂದಿ ಅಂತ ತಿಳಕೊಂಡೆ.

ಗೌರಿ: ದಣಿವಾದ್ರ ಎಡಕ್ಕ ಬೆಂಚ್ ಐತಿ, ಕುಂದರ್ರಿ, ನಾ ಕಾಯ್ತೇನಿ ಅಂತಾರ. ಮದುವಿ ಆದಾಗಿಂದ ನೀವು ಎಂದರ ಕಾದೀರಿ?

ಓಂಕಾರಪ್ಪನವರಿಗೆ ತಮ್ಮ ದನಿಯ ಮೇಲೆಯೇ ಹೊಟ್ಟೆಕಿಚ್ಚು ಹತ್ತಿತು.

ಓಂಕಾರಪ್ಪ: ಆ ಮಾತೆಲ್ಲ ನಮ್ರತಾ ಬರದದ್ದು. ಬೇಕಾದ್ರ ಕೇಳು.

ಕನ್ನಡದ ವಿವರಣೆ ಬರೆದ ಕಾಲೇಜು ಹುಡುಗಿ ನಮ್ರತಾ ಪಕ್ಕದಲ್ಲೇ ಯಂತ್ರಗಳನ್ನು ಚಾರ್ಜಿಗೆ ಹಾಕುತ್ತಿದ್ದಳು.

ನಮ್ರತಾ: ನೋ ಅಂಕಲ್. ನಾನು ಮಂಚ, ಕನ್ನಡಿ, ದೀಪದ ಗೊಂಚಲು, ಅಷ್ಟೇ ಬರೆದಿದ್ದು. ಮೆಟ್ಟಿಲು, ಬೆಂಚು ಎಲ್ಲಾ ನೀವೇ ಆ್ಯಡ್ ಮಾಡಿದ್ರಿ. ‘ನಮ್ಮ ಗೌರಿ ಬರ್ತಾಳ, ಎಡವ್ಯಾಳು’ ಅಂತ ಎರಡನೇ ಸಲ ರೆಕಾರ್ಡ್ ಮಾಡಿಸಿದ್ರಲ್ಲ.

ಓಂಕಾರಪ್ಪ ಮಂಚದ ಕಾಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಗೌರಿ ಮೆಲ್ಲಗೆ ಹೆಡ್‌ಫೋನ್ ತೆಗೆದರು.

ಗೌರಿ: ಇಂಥಾ ಮಾತು ಮನ್ಯಾಗ ಯಾಕ ಬರಂಗಿಲ್ಲ ನಿಮ್ಮ ಬಾಯಾಗ?

ಓಂಕಾರಪ್ಪ: ಮನ್ಯಾಗ ಮೈಕ್ ಎಲ್ಲೈತಿ?

ಗೌರಿ ತಮ್ಮ ಛತ್ರಿಯ ಹಿಡಿಕೆಯನ್ನು ಅವರ ಬಾಯಿಯ ಮುಂದೆ ಹಿಡಿದರು. ಓಂಕಾರಪ್ಪ ಆಚೀಚೆ ನೋಡಿ ಗಂಟಲು ಸರಿಮಾಡಿಕೊಂಡರು.

ಓಂಕಾರಪ್ಪ: ದಯವಿಟ್ಟು ಗಮನಿಸಿ. ಮುಂದ ಮೆಟ್ಟಲ ಐತಿ. ನನ್ನ ಕೈ ಹಿಡಕೊಳ್ರಿ.

ಗೌರಿ ಕೈ ಹಿಡಿದುಕೊಂಡರು. ಆದರೆ ಹೆಜ್ಜೆ ಎತ್ತಲಿಲ್ಲ.

ಓಂಕಾರಪ್ಪ: ಮತ್ತ ಏನಾತು?

ಗೌರಿ: ಸ್ಟೇಷನ್ನಾಗ ಮೂರ ಭಾಷಾದಾಗ ಹೇಳ್ತಿದ್ರಿ. ಇನ್ನೂ ಎರಡ ಬಾಕಿ ಅದಾವ.