ಸುಕೇಶನ ಕಾರಿನ ಕಂಠ

ಸುಕೇಶನ ಕಾರಿಗೆ ಟರ್ಬೊ ಇತ್ತು, ಕಂಠ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಚಿರತೆಯಂತೆ ಚಿಮ್ಮುತ್ತಿತ್ತು. ಹಿಂದಿನ ಕೊಳವೆಯಿಂದ ಮಾತ್ರ ಶೀತವಾದ ಬೆಕ್ಕಿನ ಉಸಿರು. ಚಿರತೆ ಅಂದ ಮೇಲೆ ಒಂದಿಷ್ಟಾದರೂ ಗುರುಗುಟ್ಟಬೇಡವೇ ಎಂಬ ಯೋಚನೆ ಭಾನುವಾರ ಬೆಳಿಗ್ಗೆ ಅವನನ್ನು ವಡಾಲದ ಮನೆಯಿಂದ ಬೈಕುಲ್ಲಾದ ಗುರುಪಾದನ ಗ್ಯಾರೇಜಿಗೆ ಕರೆದೊಯ್ದಿತು.

ಗುರುಪಾದ ವಿಜಯಪುರದ ಕಡೆಯವನು. ಎಕ್ಸಾಸ್ಟ್ ಪೈಪು ಬಗ್ಗಿಸುವುದರಲ್ಲಿ ಅವನನ್ನು ಮೀರಿಸುವವರು ಆ ಗಲ್ಲಿಯಲ್ಲಿರಲಿಲ್ಲ. ಅಗಲದ ಸ್ಟೀಲ್ ಪೈಪು ಹಾಕಲು ಒಪ್ಪಿದ. ಸೈಲೆನ್ಸರ್ ತೆಗೆಯಲು ಒಪ್ಪಲಿಲ್ಲ. ಸುಕೇಶ ಒಂದು ಗಂಟೆ ಕಾಡಿದ ಮೇಲೆ, "ಆತ್ರಿ, ತೆಗೀತೀನಿ. ಸಂಜೀಕ ನೀವ ವಾಪಸ್ ಬರ್ತೀರಿ," ಎಂದು ತೆಗೆದಿಟ್ಟ.

ಸಂಜೆಯತನಕ ಕಾಯಬೇಕಾಗಲಿಲ್ಲ. ಕಾರು ಅವನ ಮನೆಯಿದ್ದ ಹೌಸಿಂಗ್ ಸೊಸೈಟಿಯ ಗೇಟು ದಾಟುತ್ತಲೇ ಅಲ್ಲಿ ನಿಂತಿದ್ದ ಆರು ಕಾರುಗಳ ಅಲಾರಮ್ಮುಗಳು, ಒಂದು ಅತ್ತರೆ ಇನ್ನೊಂದು ಅಳುವ ಕೂಸುಗಳಂತೆ, ಸಾಲಾಗಿ ಶುರುವಿಟ್ಟವು. ಎರಡನೇ ಮಹಡಿಯ ಲಕ್ಷ್ಮವ್ವ ನೀರಿನ ಟ್ಯಾಂಕರ್ ಬಂತೆಂದು ಬಕೆಟ್ ಹಿಡಿದು ಇಳಿದರು. ವಿಷಯ ತಿಳಿದ ಮೇಲೆ, ಇಳಿದದ್ದು ವ್ಯರ್ಥವಾಗಬಾರದೆಂದು ಸುಕೇಶನಿಗೆ ಹತ್ತು ನಿಮಿಷ ಬುದ್ಧಿ ಹೇಳಿದರು.

ಆಮೇಲೆ ಬಂದವರು ಸೊಸೈಟಿಯ ಸೆಕ್ರೆಟರಿ ಶಾಮಣ್ಣ. ಮೈಸೂರಿನವರು, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಮೊಬೈಲನ್ನು ಕೊಳವೆಯ ಹತ್ತಿರ ಹಿಡಿದು, ಮೂರು ದಿಕ್ಕಿನಿಂದ ಮೂರು ಸಲ ಸದ್ದು ಅಳೆದು, ಚೀಟಿಯ ಮೇಲೆ ಬರೆದುಕೊಂಡರು.

"ನೂರಾ ನಾಲ್ಕು ಡೆಸಿಬಲ್. ಇವತ್ತು ಆರು ಗಂಟೆಗೆ ಪಾರ್ಕಿಂಗ್ ಹಂಚ್ತೀವಿ. ಅಷ್ಟರಲ್ಲಿ ಇದು ಬಾಯಿ ಮುಚ್ಚದಿದ್ರೆ ಕಾರು ರಸ್ತೆಗೆ."

ಸುಕೇಶ ತನ್ನ ಪಾರ್ಕಿಂಗ್ ಜಾಗದ ಕಡೆ ತಿರುಗಿ ನೋಡಿದ. ಗೋರೆಗಾಂವಿನ ಹೋಟೆಲೊಂದರಲ್ಲಿ ಅವನು ಮ್ಯಾನೇಜರು. ಇಡ್ಲಿ ಬೇಯುವ ಮೊದಲು ಬೀಗ ತೆಗೆಯಲು ದಿನಾ ಬೆಳಗಿನ ನಾಲ್ಕೂವರೆಗೆ ಹೊರಡಬೇಕು. ಆ ಇಕ್ಕಟ್ಟಿನ ಕಾಂಪೌಂಡಿನಲ್ಲಿ ಕಾರುಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಗೇಟಿನ ಪಕ್ಕದ ಅವನ ಜಾಗದಿಂದಾದರೆ ಯಾರ ಹಂಗೂ ಇಲ್ಲದೆ ಹೊರಡಬಹುದು. ನಾಲ್ಕು ವರ್ಷ ಕಾದು ಪಡೆದ ಜಾಗ ಅದು.

ಮತ್ತೆ ಬೈಕುಲ್ಲಾ. ಗುರುಪಾದ ರೊಟ್ಟಿ ಮುಗಿಸಿ, ಕೈ ತೊಳೆದು, ನಗದೆ ಕಾರನ್ನು ಮೇಲೆತ್ತಿದ. ಎಂಜಿನ್ನಿನಿಂದ ನುಗ್ಗುವ ಬಿಸಿ ಹೊಗೆಯೇ ಟರ್ಬೊದ ಚಕ್ರ ತಿರುಗಿಸುತ್ತದೆ. ತಿರುಗಿಸಿದ ಮೇಲೆ ಅದಕ್ಕೆ ಬೇಕಾದ್ದು ಸಲೀಸಾದ ದಾರಿ. ಆದ್ದರಿಂದ ಅಗಲದ ಪೈಪು ಸರಿಯೇ.

"ಹೊಗೀಗಿ ದಾರಿ ಕೊಡ್ರಿ, ಸದ್ದಿಗಿ ಕೊಡಬ್ಯಾಡ್ರಿ," ಎಂದ.

ದಾರ ಹಿಡಿದು ಅಳತೆ ತೆಗೆದ. ಪೈಪನ್ನು ಉಗುರಿನಿಂದ ತಟ್ಟಿ, ತಂಬೂರಿ ಶ್ರುತಿ ಮಾಡುವವನಂತೆ ಕಿವಿಗೊಟ್ಟ, ಕೂದಲೆಳೆಯಷ್ಟು ಉಜ್ಜಿದ, ಮತ್ತೆ ತಟ್ಟಿದ. ಸದ್ದು ನುಂಗುವ ಹೊಸ ಡಬ್ಬಿಯನ್ನು ತಾನೇ ಕಟ್ಟಿ ಕೂಡಿಸಿದ. ಬೆಸುಗೆಯ ಪದರಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತುಕೊಂಡು ಹೋದವು. ಎಲ್ಲೂ ಒಂದು ಗಂಟಿಲ್ಲ. ಸುಕೇಶ ತನ್ನ ಅವಸರವನ್ನೇ ಮರೆತು ನೋಡುತ್ತ ನಿಂತ.

ಆರಕ್ಕೆ ಹತ್ತು ನಿಮಿಷವಿರುವಾಗ ಸೊಸೈಟಿಯೆಲ್ಲ ಅವನ ಕಾರಿನ ಸುತ್ತ ನೆರೆದಿತ್ತು.

"ಸ್ಟಾರ್ಟ್ ಮಾಡಿ," ಎಂದರು ಶಾಮಣ್ಣ.

"ಮಾಡಿಯೇ ಉಂಟು ಸರ್."

ಯಾರೂ ನಂಬಲಿಲ್ಲ. ಶಾಮಣ್ಣ ಮೀಟಿಂಗಿನ ನೋಟೀಸನ್ನೇ ಕೊಳವೆಯ ಮುಂದೆ ಹಿಡಿದರು. ಕಾಗದ ಪಟಪಟನೆ ನಡುಗಿತು. ಬಗ್ಗಿ ಬೆಸುಗೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೂವತ್ತು ವರ್ಷ ಪ್ರಾಕ್ಟಿಕಲ್ ಪರೀಕ್ಷೆ ನಡೆಸಿದ್ದೇನೆ, ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಅಂಕ ಕೊಡುವ ಯೋಗ ಬಂದಿರಲಿಲ್ಲ ಎಂದರು. ಲಕ್ಷ್ಮವ್ವ ಬಾನೆಟ್ ಸವರಿ, "ಬಂಗಾರದಂಥಾ ಕೂಸು," ಎಂದು ದೃಷ್ಟಿ ತೆಗೆದರು. ಚಪ್ಪಾಳೆ ಬಿತ್ತು. ಸುಕೇಶ ಒಂದು ಇಂಚು ಎತ್ತರವಾದ.

ಶಾಮಣ್ಣ ಗಂಟಲು ಸರಿಮಾಡಿಕೊಂಡರು. "ಇನ್ಮೇಲೆ ಇದೇ ರೂಲು. ಸದ್ದು ಮಾಡೋ ಕಾರುಗಳು ಗೇಟ್ ಹತ್ರ ಇರ್ಲಿ, ಬೇಗ ಆಚೆ ಹೋಗ್ತವೆ. ಇಂಥಾ ಸಾಧು ಕಾರಿಗೆ ತೀರಾ ಒಳಗಡೆ, ಗೋಡೆ ಪಕ್ಕದ ಜಾಗ. ಬೆಳಗಿನ ಜಾವ ಹೊರಟ್ರೂ ಒಬ್ಬರಿಗೂ ಎಚ್ಚರ ಆಗಲ್ಲ."

ಸುಕೇಶ ಬಾಯಿ ತೆರೆದ. ಅವನ ಮಾತನ್ನು ಇನ್ನೂ ಜೋರಾದ ಚಪ್ಪಾಳೆ ನುಂಗಿತು. ಗೇಟಿನ ಪಕ್ಕದ ಜಾಗ ನೆರೆಮನೆಯ ಧನರಾಜನ ಕೆಮ್ಮುವ ಹಳೆಯ ಡೀಸೆಲ್ ಜೀಪಿಗೆ ಹೋಯಿತು.

ಕಾರನ್ನು ಗೋಡೆಗೆ ಒರಗಿಸುವಷ್ಟು ಒಳಗೆ ನಿಲ್ಲಿಸಿ ಇಳಿಯುವಷ್ಟರಲ್ಲಿ ಅದರ ಮುಂದೆ ನಾಲ್ಕು ಕಾರುಗಳು ಸಾಲುಗಟ್ಟಿದ್ದವು. ಹೆಂಡತಿ ನಿಶಾ ಅವನ್ನು ಬೆರಳಿನಲ್ಲಿ ಎಣಿಸಿದಳು.

"ನಾಳೆ ನಾಲ್ಕೂವರೆಗೆ ಕಾರು ಸದ್ದು ಮಾಡ್ಲಿಕ್ಕಿಲ್ಲ. ನೀವೇ ಮಾಡ್ಬೇಕು, ನಾಲ್ಕು ಮನೆಯ ಬೆಲ್ ಒತ್ತಿ," ಎಂದಳು. "ಮೊದಲನೆಯದು ಶಾಮಣ್ಣ ಸರ್ ಅವರದ್ದು."