ತಾತ್ಕಾಲಿಕ ಮೇಷ್ಟ್ರ ಮೈಂಡ್ ಮ್ಯಾಪ್

ಎಲ್ಲ ರಗಳೆಗೂ ಮೂಲ ಒಂದು ವೃತ್ತ. ದೊಡ್ಡ ಬಿಳಿ ಚಾರ್ಟಿನ ನಟ್ಟನಡುವೆ ಬಟ್ಟಲನ್ನು ಬೋರಲು ಹಾಕಿ ಇಂಗ್ಲಿಷ್ ಮೇಷ್ಟ್ರು ಎಳೆದ ವೃತ್ತ. ಅದರೊಳಗೆ ‘ಒಂದು ಬಸ್ ಪ್ರಯಾಣ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಸುತ್ತ ಏನೇನೂ ಇರಲಿಲ್ಲ.

ಖಾಲಿ ಬಿಟ್ಟದ್ದು ಬೇಕೆಂದೇ. ಒಂಬತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಕಳೆದ ಪರೀಕ್ಷೆಯಲ್ಲಿ ಮೂವತ್ತೆರಡು ಮಂದಿಯಲ್ಲಿ ಹದಿನೈದು ಮಂದಿ ಆ ಪುಟವನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದರು. ಅದಕ್ಕೆ ಮೇಷ್ಟ್ರು ಹುಡುಕಿದ ಮದ್ದು ಮೈಂಡ್ ಮ್ಯಾಪ್. ನಡುವೆ ವಿಷಯ ಇಟ್ಟುಕೊಂಡು, ತಲೆಗೆ ಹೊಳೆದದ್ದನ್ನೆಲ್ಲ ಮಕ್ಕಳೇ ಹೇಳಬೇಕು. ಅದು ಕೊಂಬೆ ಕೊಂಬೆಯಾಗಿ ಹರಡಬೇಕು. ಆಮೇಲೆ ಒಂದು ಕೊಂಬೆಗೆ ಒಂದು ಪ್ಯಾರಾ. ಮೊದಲ ಎರಡು ಪೀರಿಯಡ್ಡಿನಲ್ಲಿ ಇದನ್ನು ಮಾಡಿಸಿಬಿಟ್ಟರೆ ಸಾಕು, ಮಧ್ಯಾಹ್ನದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರಲಿತ್ತು.

ಮೇಷ್ಟ್ರಿಗೆ ಅದು ಜೀವನ್ಮರಣದ ಪ್ರಶ್ನೆ. ಮೂರು ವರ್ಷದಿಂದ ಅವರದು ತಾತ್ಕಾಲಿಕ ನೌಕರಿ, ಸ್ಟಾಫ್ ರೂಮಿನಲ್ಲಿ ಅವರ ಹೆಸರೇ ‘ತಾತ್ಕಾಲಿಕ’ ಎಂದಾಗಿಬಿಟ್ಟಿತ್ತು. ಹೆಡ್‌ಮಿಸ್ಟ್ರೆಸ್ ಖಡಾಖಂಡಿತವಾಗಿ ಹೇಳಿದ್ದರು: ಒಂದೂ ಪುಟ ಖಾಲಿ ಇರಬಾರದು, ಆಗ ಇವತ್ತು ಸಂಜೆಯೇ ಮುಂದಿನ ವರ್ಷದ ನೇಮಕಾತಿ ಪತ್ರಕ್ಕೆ ಸಹಿ. ಇಲ್ಲದಿದ್ದರೆ ಮಾವನ ಹಾರ್ಡ್‌ವೇರ್ ಅಂಗಡಿ ಕಾದಿತ್ತು. ಮೊಳೆ ತೂಗುವ ತಕ್ಕಡಿಯ ಪಕ್ಕ ಒಂದು ಸ್ಟೂಲು ಖಾಲಿ ಇಟ್ಟಿದ್ದೇನೆ ಎಂದು ಮಾವ ಮಗಳ ಹತ್ತಿರ ಆಗಾಗ ಹೇಳಿ ಕಳಿಸುತ್ತಿದ್ದರು. ಬಂದವರಿಗೆ ಅವರು ಪರಿಚಯ ಮಾಡಿಸುತ್ತಿದ್ದದ್ದೇ “ನಮ್ಮ ಅಳಿಯ, ಸದ್ಯಕ್ಕೆ ಮೇಷ್ಟ್ರು” ಎಂದು.

ಅಂದು ಬೆಳಿಗ್ಗೆ ಚಾರ್ಟನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ, ಹಾಜರಿ ಪುಸ್ತಕ ತರಲು ಹೋದರು. ಹೋಗಿ ಬಂದದ್ದು ನಾಲ್ಕೇ ನಿಮಿಷ. ಬಂದು ನೋಡಿದರೆ ಗಣಿತದ ಮೇಷ್ಟ್ರು ಚಾರ್ಟಿನ ಮೇಲೆ ಬಗ್ಗಿ ಕೂತಿದ್ದಾರೆ. ಪಾಪ, ಅರ್ಧಕ್ಕೆ ನಿಂತಿದೆಯಲ್ಲ ಎಂದು ಅವರು ಸ್ಕೇಲಿಟ್ಟು ವೃತ್ತದಿಂದ ಆರು ಗೆರೆ ಎಳೆದು, ಒಂದೊಂದಕ್ಕೂ ನಂಬರು ಕೊಟ್ಟು, ಪ್ರತಿ ಗೆರೆಗೆ ಎಷ್ಟು ವಾಕ್ಯ ಬರೆಯಬೇಕು ಎನ್ನುವುದನ್ನೂ ಹಾಕಿಬಿಟ್ಟಿದ್ದರು.

ಅದು ಮಕ್ಕಳು ಹೇಳಬೇಕಾದದ್ದು ಸಾರ್ ಎಂದು ಮೇಷ್ಟ್ರು ಮೆಲ್ಲಗೆ ಗೊಣಗಿದರು. ಮಕ್ಕಳಿಗೇನು ಗೊತ್ತಾಗುತ್ತದೆ ಎಂದರು ಗಣಿತದವರು. ಖಾಯಂ ಆದವರ ಎದುರು ತಾತ್ಕಾಲಿಕದವರು ಅದಕ್ಕಿಂತ ಹೆಚ್ಚು ಗೊಣಗುವ ಹಾಗಿಲ್ಲ.

ಅಷ್ಟರಲ್ಲಿ ವಿಜ್ಞಾನದ ಟೀಚರ್ ಬಂದರು. ಬಸ್ ಯಾವಾಗ ಹೊರಟಿತು, ಯಾಕೆ ನಿಂತಿತು, ಕಾರಣ ಪರಿಣಾಮ ಏನೂ ಇಲ್ಲವಲ್ಲ ಎಂದು ತಲೆ ಕೆಡಿಸಿಕೊಂಡು, ಮೂರನೇ ಗೆರೆಯಲ್ಲಿ, ತಿರುವೊಂದರಲ್ಲಿ, ಟೈರ್ ಪಂಕ್ಚರ್ ಮಾಡಿ, ನಾಲ್ಕನೆಯದರಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿ ಅವಳ ಕೈಗೊಂದು ಕಿತ್ತಳೆ ಹಣ್ಣು ಕೊಟ್ಟರು. ಗ್ರಂಥಪಾಲಕರು ಕನ್ನಡಕ ಏರಿಸಿಕೊಂಡು ಬಂದು, ವಾಕ್ಯಕ್ಕೆ ವಾಕ್ಯ ಜೋಡಿಸುವ ಪದಗಳನ್ನೆಲ್ಲ ಗೆರೆಗಳ ಮೇಲೆ ಇರುವೆ ಸಾಲಿನ ಹಾಗೆ ಬರೆದರು. ಕೊನೆಗೆ ಡ್ರಾಯಿಂಗ್ ಮೇಷ್ಟ್ರು ಇದಕ್ಕೆ ಜೀವವೇ ಇಲ್ಲ ಎನ್ನುತ್ತ ಮೂಲೆಯಲ್ಲೊಂದು ಬಸ್ಸಿನ ಚಿತ್ರ ಬರೆದು ಕೆಂಪು ಬಣ್ಣದ ಡಬ್ಬಿ ತೆಗೆದರು. ಬಸ್ಸಿಗೆ ಬಣ್ಣ ಬಿತ್ತು. ಮಿಕ್ಕದ್ದು ಇಂಗ್ಲಿಷ್ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಬಿತ್ತು.

ಹೀಗೆ ತರಗತಿಗೆ ಹೋದರೆ ಮಕ್ಕಳು ಆಂಬುಲೆನ್ಸ್ ಕರೆಸುತ್ತಾರೆ ಎಂದು ಎಲ್ಲರೂ ಸೇರಿ ಅವರನ್ನು ಬಚ್ಚಲಿಗೆ ಅಟ್ಟಿದರು. ಆ ಬಚ್ಚಲಿನ ಚಿಲಕ ಸಡಿಲವಾಗಿದೆ, ಪೂರ್ತಿ ಹಾಕಬಾರದು ಎನ್ನುವುದು ಖಾಯಂ ಆದವರಿಗೆ ಮಾತ್ರ ಗೊತ್ತಿದ್ದ ವಿಷಯ. ಮೇಷ್ಟ್ರು ಪೂರ್ತಿ ಹಾಕಿದರು.

ಅಂಗಿ ತೊಳೆದಾಯಿತು, ಕಲೆ ಹೋಗಲಿಲ್ಲ, ಬಾಗಿಲೂ ತೆರೆಯಲಿಲ್ಲ. ಬಡಿದ ಸದ್ದಿಗೆ ಸಹೋದ್ಯೋಗಿಗಳೆಲ್ಲ ಹೊರಗೆ ಗುಂಪುಗೂಡಿದರು. ಎತ್ತಿ ಎಳೀರಿ ಎಂದರು ಒಬ್ಬರು, ಒತ್ತಿ ತಳ್ಳಿ ಎಂದರು ಇನ್ನೊಬ್ಬರು. ಆಮೇಲೆ ಗಂಟೆ ಹೊಡೆಯಿತು, ಅವರವರ ಪೀರಿಯಡ್ಡಿಗೆ ಅವರವರು ಹೊರಟರು. ಚಾರ್ಟನ್ನು ತಾವೇ ಒಂಬತ್ತನೇ ತರಗತಿಯಲ್ಲಿ ತೂಗುಹಾಕುತ್ತೇವೆ, ಚಿಂತೆ ಬೇಡ ಎಂದು ಡ್ರಾಯಿಂಗ್ ಮೇಷ್ಟ್ರು ಬಾಗಿಲ ಸಂದಿಯಲ್ಲೇ ಧೈರ್ಯ ಹೇಳಿ ಹೋದರು.

ಒದ್ದೆ ಅಂಗಿ ಕೈಯಲ್ಲಿ ಹಿಡಿದು, ಬೋರಲು ಹಾಕಿದ ಬಕೆಟ್ ಮೇಲೆ ಮೇಷ್ಟ್ರು ಕೂತರು. ಹಿಂದಿನ ಬೆಂಚಿನಲ್ಲಿ ಒಬ್ಬಳಿದ್ದಾಳೆ, ದಿನಾ ಮೂರು ಬಸ್ ಬದಲಿಸಿ ಶಾಲೆಗೆ ಬರುತ್ತಾಳೆ, ಬಾಯಿ ಬಿಟ್ಟವಳಲ್ಲ. ಇವತ್ತು ಅವಳನ್ನು ಮಾತಾಡಿಸಬೇಕು ಎಂದುಕೊಂಡಿದ್ದರು. ಅದು ನೆನಪಾಗಿ ಅವರಿಗೆ ಅಳುವೇ ಬಂತು. ಜವಾನ ಸ್ಕ್ರೂಡ್ರೈವರ್ ತಂದು ಬಾಗಿಲು ಬಿಡಿಸುವಷ್ಟರಲ್ಲಿ ಎರಡೂ ಪೀರಿಯಡ್ ಮುಗಿದಿತ್ತು.

ಮಧ್ಯಾಹ್ನ ಪರೀಕ್ಷೆ ನಡೆಯಿತು. ಎರಡು ಪೀರಿಯಡ್ ಮಕ್ಕಳ ಕಣ್ಣೆದುರೇ ಇದ್ದ ಚಾರ್ಟನ್ನು ಅಷ್ಟರಲ್ಲಿ ಗೋಡೆಯಿಂದ ಇಳಿಸಿದ್ದರು. ಮೇಷ್ಟ್ರು ಕಾರಿಡಾರಿನಲ್ಲಿ ಶತಪಥ ಹಾಕಿದರು. ಕಿಟಕಿಯೊಳಗೆ ಇಣುಕುವ ಧೈರ್ಯ ಬರಲಿಲ್ಲ. ಮೊಳೆಗಳ ಅಳತೆಗಳು ಎಷ್ಟೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದರು.

ಸಂಜೆ ಹೆಡ್‌ಮಿಸ್ಟ್ರೆಸ್ ಕರೆಸಿದರು. ಮೇಜಿನ ಮೇಲೆ ಮೂವತ್ತೆರಡು ಉತ್ತರ ಪತ್ರಿಕೆಗಳಿದ್ದವು. ಒಂದೂ ಖಾಲಿ ಇರಲಿಲ್ಲ. ಮೇಷ್ಟ್ರು ಒಂದೊಂದಾಗಿ ತಿರುವಿ ನೋಡಿದರು. ಮೂವತ್ತೆರಡು ಬಸ್ಸೂ ಕೆಂಪು. ಮೂವತ್ತೆರಡೂ ಒಂದೇ ತಿರುವಿನಲ್ಲಿ ಪಂಕ್ಚರ್ ಆಗಿದ್ದವು, ಒಬ್ಬಳೇ ಅಜ್ಜಿ ಮೂವತ್ತೆರಡು ಕಿತ್ತಳೆ ಹಂಚಿದ್ದಳು. ಮೂರು ಬಸ್ ಬದಲಿಸುವವಳ ಪತ್ರಿಕೆಯಲ್ಲೂ ಅದೇ ಒಂದು ಬಸ್ಸು. ಮೇಷ್ಟ್ರಿಗೆ ಒಂದು ಕ್ಷಣ ಬೇಜಾರಾಯಿತು. ಪತ್ರದ ನೆನಪಾಗಿ ಆ ಬೇಜಾರನ್ನು ನುಂಗಿಕೊಂಡರು.

“ತುಂಬಾ ಚೆನ್ನಾಗಿದೆ” ಎಂದರು ಹೆಡ್‌ಮಿಸ್ಟ್ರೆಸ್. “ಆ ಚಾರ್ಟ್ ಪೂರ್ತಿ ನಿಮ್ಮದೇನಾ?”

“ಹೌದು ಮೇಡಂ, ಪೂರ್ತಿ ನಂದೇ.”

“ಬೆಳಿಗ್ಗೆ ನೀವು ತರಗತೀಲಿ ಇರಲಿಲ್ಲ ಅಂತ ಯಾರೋ ಅಂದ್ರು.”

ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಿದರು. ಬಚ್ಚಲಿನ ಕತೆ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕೆಲಸಗಳ್ಳ ಎನ್ನಿಸಿಕೊಳ್ಳಬೇಕು. ಅಂಗಿಯ ಕೆಂಪು ಕಲೆಯನ್ನು ಕೈಯಲ್ಲಿ ಮುಚ್ಚಿಕೊಂಡು ಅವರು ಬೆನ್ನು ನೇರ ಮಾಡಿದರು. ಬಾಯಿಗೆ ತಾನಾಗಿಯೇ ಮಾತು ಬಂತು.

“ಬೇಕು ಅಂತಲೇ ಹೋಗಲಿಲ್ಲ ಮೇಡಂ. ಈ ಪದ್ಧತಿಯ ವಿಶೇಷವೇ ಅದು. ಚಾರ್ಟ್ ಸರಿಯಾಗಿದ್ದರೆ ಯಾರೂ ಪಾಠ ಮಾಡಬೇಕಾಗಿಲ್ಲ. ಗೋಡೆಗೆ ಹಾಕಿದರೆ ಸಾಕು, ಮಕ್ಕಳು ತಾವೇ ಬರೀತಾರೆ.”

ಹೆಡ್‌ಮಿಸ್ಟ್ರೆಸ್ ಬಹಳ ಹೊತ್ತು ತಲೆದೂಗಿದರು. ಅವರ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಖಾನೆಯಿಂದ ಮುಂದಿನ ವರ್ಷದ ಪತ್ರವನ್ನು ತೆಗೆದರು. ಪೆನ್ನಿನ ಮುಚ್ಚಳವನ್ನೂ ತೆಗೆದರು. ಅವರು ಪತ್ರದ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು, ಎರಡಾಗಿ ಮಡಚಿ ಬುಟ್ಟಿಗೆ ಹಾಕಿದರು.

“ನಾಲ್ಕು ವರ್ಷದಿಂದ ನಾನು ಹುಡುಕ್ತಿದ್ದದ್ದು ಇದನ್ನೇ” ಎಂದರು. “ಪತ್ರ ಲೇಖನ, ಕತೆ ಬರೆಯೋದು, ವರದಿ, ಇವಕ್ಕೂ ಒಂದೊಂದು ಚಾರ್ಟ್ ಮಾಡಿಬಿಡಿ. ಲ್ಯಾಮಿನೇಷನ್ ಮಾಡಿಸ್ತೀನಿ. ತಿಂಗಳ ಕೊನೆಗೆ ನೀವು ಹೊರಡೋದ್ರೊಳಗೆ ಕೊಟ್ರೆ ಸಾಕು, ಅವಸರ ಏನಿಲ್ಲ.”